ಲುವಾ ಕಟ್ಟಿಕೊಟ್ಟ ಮೂರಂತಸ್ತು

ಲುವಾಳಿಗೆ ಸಿಟ್ಟು ಬಂದರೆ ಬೈಯುವುದಿಲ್ಲ, ಕೂಗಾಡುವುದಿಲ್ಲ. ಕತ್ತರಿ ಕೈಗೆತ್ತಿಕೊಳ್ಳುತ್ತಾಳೆ. ಹಂದಿಮಾಂಸ ಮಾರುವವನು ಒಮ್ಮೆ ಮೂಳೆಯನ್ನೇ ತೂಗಿ ಕೊಟ್ಟ. ಇವಳು ತುಟಿ ಬಿಚ್ಚದೆ ಮನೆಗೆ ಬಂದಳು. ಮುಂದೆ ಅವನ ಅಪ್ಪನ ತಿಥಿ ಬಂದಾಗ, ಆ ಮುದುಕನಿಗೆಂದು ಮಾಡಿಕೊಟ್ಟ ಕಾಗದದ ಬೂಟುಗಳಲ್ಲಿ ಒಂದನ್ನು ಇನ್ನೊಂದಕ್ಕಿಂತ ಎರಡು ಬೆರಳು ಗಿಡ್ಡ ಮಾಡಿದಳು. ಮುದುಕ ಅಲ್ಲಿ ಕುಂಟಿಕೊಂಡು ಓಡಾಡಲಿ, ಮಗನಿಗೆ ಕನಸಿನಲ್ಲಿ ಬಂದು ಬೈಯಲಿ ಎಂದು. ಬೈದನೋ ಇಲ್ಲವೋ ಗೊತ್ತಿಲ್ಲ, ಆದರೆ ಲುವಾ ಆ ವಾರವಿಡೀ ಚೆನ್ನಾಗಿ ನಿದ್ದೆ ಮಾಡಿದಳು.

ಡುವಾಂಗ್ ನದಿಯ ದಂಡೆಯ ನಮ್ಮೂರಿನಲ್ಲಿ ಹತ್ತಾರು ಮನೆಯವರಿಗೆ ಇದೇ ಕಸುಬು. ಸತ್ತವರಿಗೆ ಸಾಮಾನು ಮಾಡುವುದು. ಅಂಗಿ, ಬೂಟು, ಬೈಕು, ಫ್ರಿಜ್ಜು, ಕುದುರೆ, ಮನೆ, ಎಲ್ಲವೂ ಕಾಗದ. ಒಳಗೆ ಬಿದಿರಿನ ಸೀಳು, ಮೇಲೆ ಬಣ್ಣದ ಹಾಳೆ, ನಡುವೆ ಮರಗೆಣಸಿನ ಹಿಟ್ಟಿನ ಅಂಟು. ತಿಥಿಯ ದಿನ ಸತ್ತವರ ಹೆಸರು ಬರೆದು ಅಂಗಳದಲ್ಲಿ ಸುಟ್ಟರೆ ಅವರಿಗೆ ಮುಟ್ಟುತ್ತದೆ. ಪೂರ್ತಿ ಸುಟ್ಟದ್ದು ಪೂರ್ತಿ ಮುಟ್ಟುತ್ತದೆ, ಅರ್ಧ ಸುಟ್ಟದ್ದು ಹರಕಲಾಗಿ ಮುಟ್ಟುತ್ತದೆ, ಸುಡದೆ ಉಳಿದದ್ದು ಮುಟ್ಟುವುದೇ ಇಲ್ಲ. ಇದು ಲುವಾಳಿಗೆ ಅಂಬೆಗಾಲಿಡುವಾಗಿನಿಂದ ಗೊತ್ತು. ಅವಳ ಹೆಸರಿಗೆ ರೇಷ್ಮೆ ಎಂದರ್ಥ. ಅಪ್ಪ ಆಸೆಪಟ್ಟು ಇಟ್ಟ ಹೆಸರು. ರೇಷ್ಮೆಯನ್ನಂತೂ ಅವಳು ಕಾಗದದಲ್ಲಿ ಕತ್ತರಿಸಿದ್ದೇ ಹೊರತು ಮೈಮೇಲೆ ಹಾಕಿಕೊಂಡದ್ದು ಮದುವೆಯ ದಿನ ಮಾತ್ರ, ಅದೂ ಬಾಡಿಗೆಯದು. ಮದುವೆಯಾದದ್ದು ಬಾಂಗ್‌ನನ್ನು. ಬಿದಿರು ಸೀಳುವುದರಲ್ಲಿ ನಿಸ್ಸೀಮ, ಮಾತಿನಲ್ಲಿ ಮಿತ, ಹೆಂಡತಿಯ ಸಿಟ್ಟನ್ನು ಮಳೆ ಬಿಸಿಲಿನ ಹಾಗೆ ಬಂದದ್ದು ಬಂದ ಹಾಗೆ ತೆಗೆದುಕೊಳ್ಳುವ ಮನುಷ್ಯ. ಅವರಿಗೆ ಒಬ್ಬಳೇ ಮಗಳು, ಮಿಯೆನ್.

ಮಿಯೆನ್ ಬಾಯಿಬಡುಕಿ. ಅಂಟಿನ ಬಟ್ಟಲಿನ ಮುಂದೆ ಕೂತರೆ ಕೈಗಿಂತ ಬಾಯಿಯೇ ಹೆಚ್ಚು ಓಡುತ್ತಿತ್ತು. ಆರನೇ ತರಗತಿಗೆ ಬಂದ ಮೇಲೆ ಇಂಗ್ಲಿಷ್ ಶುರುವಿಟ್ಟುಕೊಂಡಳು. ಅಮ್ಮನ ಕತ್ತರಿಗೊಂದು ಇಂಗ್ಲಿಷ್ ಹೆಸರು, ಅಪ್ಪನ ಮಚ್ಚಿಗೊಂದು ಹೆಸರು. ಬಾಂಗ್ ತಮಾಷೆಗೆ, "ನನ್ನನ್ನ ಇಂಗ್ಲಿಷಲ್ಲಿ ಏನಂತಾರೆ ಹೇಳೇ" ಎಂದರೆ, "ಅಪ್ಪಂದಿರ ಪಾಠ ಇನ್ನೂ ಬಂದಿಲ್ಲ" ಎನ್ನುತ್ತಿದ್ದಳು.

ಆ ವರ್ಷದ ಒಂದು ಪಾಠ, ಯಾವ ವಸ್ತು ಯಾವುದರಿಂದ ಆಗಿದೆ ಎನ್ನುವುದು. ಮನೆ ಬ್ರಿಕ್, ಕಿಟಕಿ ಗ್ಲಾಸ್, ಮೇಜು ವುಡ್, ಬೂಟು ಲೆದರ್, ಅಂಗಿ ಕಾಟನ್. ಪಾಠ ಮುಗಿಸಿದ ಮೇಲೆ ಟೀಚರಮ್ಮ ಹುವೆ ಮಕ್ಕಳಿಂದ ಪುಸ್ತಕ ಮುಚ್ಚಿಸಿ, ಇನ್ನು ನಿಮ್ಮ ನಿಮ್ಮ ಮನೆಯಲ್ಲಿರುವ ಸಾಮಾನು ಹೇಳಿ ಎಂದಳು. ಮೊದಲು ಕೈ ಎತ್ತಿದವಳು ಮಿಯೆನ್. ಬೆಳಗ್ಗೆಯಷ್ಟೇ ಕುದುರೆಯ ಬಾಲ ಅಂಟಿಸಿ ಬಂದಿದ್ದಳು, ಬೆರಳ ತುದಿಯಲ್ಲಿ ಇನ್ನೂ ಅಂಟು ಇತ್ತು. ಎದ್ದು ನಿಂತು, ತಪ್ಪಿಲ್ಲದ ಇಂಗ್ಲಿಷಿನಲ್ಲಿ, ನಮ್ಮಲ್ಲಿ ಮನೆ ಪೇಪರಿನಿಂದ ಆಗಿದೆ, ಬೈಕು ಪೇಪರಿನಿಂದ ಆಗಿದೆ, ಬೂಟೂ ಪೇಪರೇ, ಕುದುರೆಯೂ ಪೇಪರೇ ಎಂದಳು. ಹೇಳಿದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ನಮ್ಮೂರಿನ ಮಗು ಇನ್ನೇನು ಹೇಳೀತು?

ಹುವೆ ನಕ್ಕುಬಿಟ್ಟಳು. "ಹಂಗಾದ್ರೆ ನಿನ್ನ ತಲೆ ಯಾವುದರಿಂದ ಆಗಿದೆ ಮಿಯೆನ್? ಅದೂ ಪೇಪರಾ?" ಎಂದಳು. ತರಗತಿಯೆಲ್ಲ ಬಿದ್ದು ಬಿದ್ದು ನಕ್ಕಿತು. ಅಷ್ಟಕ್ಕೇ ಬಿಡದೆ, ಮಗುವಿನ ಕೈಗೆ ಸೀಮೆಸುಣ್ಣ ಕೊಟ್ಟು, ಮನೆ ಇಟ್ಟಿಗೆಯಿಂದ ಆಗಿದೆ ಎಂದು ಬೋರ್ಡಿನ ತುಂಬ ಬರೆಸಿದಳು. ಸಂಜೆಯ ಹೊತ್ತಿಗೆ ಮಿಯೆನ್‌ಗೆ ಊರೆಲ್ಲ ಒಂದೇ ಹೆಸರು, ಪೇಪರ್ ತಲೆ.

ಮಗಳು ಮನೆಯಲ್ಲಿ ಏನೂ ಹೇಳಲಿಲ್ಲ. ಪಕ್ಕದ ಮನೆಯ ಹುಡುಗಿ ಹೇಳಿದಳು. ಲುವಾ ಮಾರನೆಯ ದಿನ ಒಗೆದ ಬಟ್ಟೆ ಉಟ್ಟು, ಕೈಗಂಟಿದ ಬಣ್ಣ ಉಜ್ಜಿ ತೊಳೆದು ಸ್ಕೂಲಿಗೆ ಹೋದಳು. ಜಗಳಕ್ಕೆಂದು ಹೋದವಳಲ್ಲ. ನ್ಯಾಯವಾಗಿ ಮಾತಾಡಿದರೆ ನ್ಯಾಯವಾಗಿ ಉತ್ತರ ಬರುತ್ತದೆ ಎಂದು ಆಗ ಇನ್ನೂ ನಂಬಿದ್ದಳು.

"ಟೀಚರಮ್ಮ, ಮಗು ಸುಳ್ಳು ಹೇಳಲಿಲ್ಲ. ಮನೇಲಿರೋದನ್ನೇ ಹೇಳ್ತು."

"ಅಕ್ಕ, ಪರೀಕ್ಷೇಲಿ ಹಿಂಗೆ ಬರೆದ್ರೆ ಸೊನ್ನೆ ಹಾಕ್ತಾರೆ," ಎಂದಳು ಹುವೆ, ಕೈಯಲ್ಲಿದ್ದ ಪುಸ್ತಕದಿಂದ ತಲೆ ಎತ್ತದೆ. "ನಿಮ್ಮ ಅಂಗಡಿ ಸತ್ತೋರಿಗೆ. ಇಂಗ್ಲಿಷು ಬದುಕಿರೋರಿಗೆ. ಎರಡನ್ನೂ ಕಲಸಬೇಡಿ."

"ಅದಿರ್ಲಿ. ನೀವು ನಕ್ಕಿದ್ದು ಯಾಕೆ?"

"ನಗು ಬಂತು, ನಕ್ಕೆ. ಮಕ್ಕಳಲ್ವಾ, ನಾಲ್ಕು ದಿನಕ್ಕೆ ಮರೀತಾರೆ ಬಿಡಿ."

ಲುವಾ ಮನೆಗೆ ಬಂದು ಒಂದು ಚೊಂಬು ನೀರು ಗಟಗಟ ಕುಡಿದಳು. ಎದೆಯ ಉರಿ ಆರಲಿಲ್ಲ.

ಮಕ್ಕಳು ನಾಲ್ಕು ದಿನಕ್ಕೆ ಮರೆಯಲಿಲ್ಲ, ನಾಲ್ಕು ತಿಂಗಳಿಗೂ ಮರೆಯಲಿಲ್ಲ. ಮಿಯೆನ್ ತರಗತಿಯಲ್ಲಿ ಬಾಯಿ ಬಿಡುವುದನ್ನು ಬಿಟ್ಟಳು. ಕೇಳಿದರೂ ನೆಲ ನೋಡುತ್ತ ನಿಲ್ಲುತ್ತಿದ್ದಳು. ಆಮೇಲೆ ಮನೆಯಲ್ಲಿ ಅಂಟಿನ ಬಟ್ಟಲಿನ ಹತ್ತಿರ ಬರುವುದನ್ನೂ ಬಿಟ್ಟಳು. ಬೆರಳಿಗೆ ಕಾಗದದ ಬಣ್ಣ ಹತ್ತಿದರೆ ಚರ್ಮ ಕೆಂಪಾಗುವ ತನಕ ಉಜ್ಜುತ್ತಿದ್ದಳು. ಒಂದು ದಿನ ಊಟದ ತಟ್ಟೆಯ ಮುಂದೆ, "ನಾನು ಇನ್ನು ಸ್ಕೂಲಿಗೆ ಹೋಗಲ್ಲಮ್ಮ" ಎಂದಳು.

"ಹೋಗ್ತೀಯ," ಎಂದಳು ಲುವಾ. "ನೀನು ಬಿಟ್ರೆ ಅವಳು ಗೆದ್ದ ಹಾಗೆ. ಆ ಪಾಠ ತಗೊಂಡು ಬಾ. ನಂಗೆ ಹೇಳಿಕೊಡು."

"ನಿಂಗ್ಯಾಕೆ?"

"ಬೇಕು."

ಅಂದಿನಿಂದ ದಿನಾ ಸಂಜೆ ಮಗಳು ಪಿಸುಮಾತಿನಲ್ಲಿ ಒಂದೊಂದೇ ಪದ ಹೇಳುವುದು, ತಾಯಿ ಹಾಳೆ ಅಂಟಿಸುತ್ತ ಒಪ್ಪಿಸುವುದು. ಬ್ರಿಕ್, ಗ್ಲಾಸ್, ಐರನ್, ಲೆದರ್. ಲುವಾಳ ಬಾಯಲ್ಲಿ ಆ ಪದಗಳು ಹಲ್ಲು ಕಡಿದ ಸದ್ದಿನಂತೆ ಕೇಳುತ್ತಿದ್ದವು. ಬಾಂಗ್ ನಗುತ್ತ, "ನಮ್ಮನೇಲಿ ದೊರೆಸಾನಿ ಬಂದ್ಲು" ಎಂದ. ಅವಳು ನಗಲಿಲ್ಲ. ಮಗಳ ಬಾಯಿಂದ ಇಂಗ್ಲಿಷ್ ಹೊರಡುತ್ತಿದ್ದದ್ದು ಅಷ್ಟು ಹೊತ್ತು ಮಾತ್ರ, ಅದೂ ಪಿಸುಮಾತಿನಲ್ಲಿ. ಕಳಕಳ ಅನ್ನುತ್ತಿದ್ದ ಹುಡುಗಿಯನ್ನು ಹೀಗೆ ಮಾಡಿಟ್ಟವಳು ಒಂದಲ್ಲ ಒಂದು ದಿನ ತನ್ನ ಕೈಗೆ ಸಿಕ್ಕೇ ಸಿಗುತ್ತಾಳೆ, ಈ ಊರಿನಲ್ಲಿ ಎಲ್ಲರ ಮನೆಯಲ್ಲೂ ಸತ್ತವರಿದ್ದಾರೆ ಎಂದು ಅವಳು ಕಾದಳು.

ಸಿಕ್ಕಳು. ಮಾವಿನ ಹಣ್ಣಿನ ಕಾಲದಲ್ಲಿ ಒಂದು ಮಧ್ಯಾಹ್ನ ಹುವೆ ತಾನಾಗಿಯೇ ಅಂಗಡಿಯ ಮೆಟ್ಟಿಲು ಹತ್ತಿ ಬಂದಳು. ಅವಳ ತಾಯಿ ತೀರಿಕೊಂಡು ಎರಡು ವರ್ಷ ತುಂಬುತ್ತಿತ್ತು, ನಮ್ಮ ಕಡೆ ಆಗಲೇ ಸೂತಕ ಕಳೆಯುವ ತಿಥಿ. ನಮ್ಮಲ್ಲಿ ಮೊದಲ ವರ್ಷ ಸುಟ್ಟ ಸಾಮಾನು ಸತ್ತವರಿಗೆ ದಕ್ಕುವುದಿಲ್ಲ. ಅಲ್ಲಿನ ಪುಂಡರಿಗೆ, ಅಧಿಕಾರಿಗಳಿಗೆ ಹಂಚಿ ಕೈ ಬೆಚ್ಚಗೆ ಮಾಡಬೇಕು, ಅಲ್ಲೂ ಅದೇ ಕಥೆ. ಎರಡನೆಯ ವರ್ಷದ್ದೇ ನಿಜವಾಗಿ ಅವರ ಸ್ವಂತದ್ದು. ಆ ತಿಂಗಳು ಕಳೆದರೆ ಮತ್ತೆ ಅಂಥ ಅವಕಾಶವಿಲ್ಲ.

"ಮೂರಂತಸ್ತಿನ ಮನೆ ಬೇಕು ಅಕ್ಕ. ನಾನು ಕಟ್ಟಿಸಿದೀನಲ್ಲ, ಅದರ ಥರಾನೇ. ಮಲಗೋ ಕೋಣೆ ಕೆಳಗಡೆನೇ ಇರ್ಲಿ, ಅಮ್ಮಂಗೆ ಮೊಣಕಾಲು ನೋವು. ಒಂದು ಜೊತೆ ಬೂಟು, ಒಂದು ಅಂಗಿ. ಈ ಊರಲ್ಲಿ ನಿಮ್ಮಷ್ಟು ಅಚ್ಚುಕಟ್ಟು ಯಾರೂ ಮಾಡಲ್ಲ ಅಂತಾರೆ."

ಅವಳು ಎಲ್ಲವನ್ನೂ ಮರೆತಿದ್ದಳು. ಸ್ಕೂಲಿನಲ್ಲಿ ಎದುರಿಗೆ ನಿಂತ ಲುವಾಳನ್ನೂ ಮರೆತಿದ್ದಳು, ಆಡಿದ ಮಾತನ್ನೂ ಮರೆತಿದ್ದಳು. ಒಳಗಿನಿಂದ ಇಣುಕಿದ ಮಿಯೆನ್‌ಳನ್ನು ಕಂಡು, "ಓ, ಇವಳು ನಿಮ್ಮ ಮಗಳಾ? ತರಗತೀಲಿ ಬಾಯೇ ಬಿಡಲ್ಲ. ಸ್ವಲ್ಪ ಮಾತಾಡೋದು ಕಲಿಸಿ" ಎಂದಳು.

ಅಲ್ಲಿಯ ತನಕ ಲುವಾಳ ಮನಸ್ಸಿನಲ್ಲಿ ಒಂದು ಗಿಡ್ಡ ಬೂಟು, ಒಂದು ವಕ್ರ ಕಿಟಕಿ, ಅಷ್ಟೇ ಇತ್ತು. ಆ ಮಾತು ಕೇಳಿದ ಮೇಲೆ ಅದು ಸಾಲದೆನಿಸಿತು.

"ಯಾವುದರಿಂದ ಮಾಡ್ಲಿ ಟೀಚರಮ್ಮ?"

"ಅಂದ್ರೆ?"

"ಏನಿಲ್ಲ. ಗಟ್ಟಿಯಾಗಿರೋದರಿಂದಲೇ ಮಾಡ್ತೀನಿ."

ಪುಸ್ತಕದಲ್ಲಿದ್ದ ಹಾಗೆಯೇ ಮಾಡಿದಳು. ಬಿದಿರಿನ ಬದಲು ಕಬ್ಬಿಣದ ತಂತಿ. ಗೋಡೆಗೆ ಎಣ್ಣೆ ಡಬ್ಬಿಗಳನ್ನು ಬಿಡಿಸಿ ತಟ್ಟಿದ ತಗಡು, ಅದರ ಮೇಲೆ ಇಟ್ಟಿಗೆಗೂಡಿನಿಂದ ತಂದ ಜೇಡಿಮಣ್ಣಿನ ತೆಳು ಲೇಪ. ಕಿಟಕಿಗೆ ಒಡೆದ ಫೋಟೋ ಕಟ್ಟಿನ ಗಾಜು. ಬೂಟಿಗೆ ಯಾವುದೋ ಹಳೆಯ ಚರ್ಮದ ಚೀಲ. ಅಂಗಿ ಕಾಟನ್ನಾದರೂ ಹೇಗೂ ಉರಿದುಹೋಗುತ್ತದೆ ಎಂದು ಅದೊಂದನ್ನು ಮಾತ್ರ ಕಾಗದದಲ್ಲೇ ಹೊಲಿದಳು. ಕೊನೆಗೆ ಎಲ್ಲದರ ಮೇಲೂ ತನ್ನ ಅಂಗಡಿಯ ಅತ್ಯುತ್ತಮ ಬಣ್ಣದ ಹಾಳೆ ಅಂಟಿಸಿದಳು. ಅಷ್ಟು ಚೆಂದದ ಮನೆಯನ್ನು ಅವಳು ಯಾರಿಗೂ ಮಾಡಿಕೊಟ್ಟಿರಲಿಲ್ಲ.

ಬಾಂಗ್ ಒಂದು ಮೂಲೆ ಎತ್ತಿ ನೋಡಿ ಮತ್ತೆ ಕೆಳಗಿಟ್ಟ.

"ಇದು ಉರಿಯಲ್ಲ ಕಣೇ."

"ಗೊತ್ತು."

"ಸತ್ತ ಮುದುಕಿ ನಿಂಗೇನು ಮಾಡಿದ್ಲು?"

"ಅಂಥಾ ಮಗಳನ್ನ ಹೆತ್ಲು."

"ಬದುಕಿರೋರ ಮೇಲೆ ಎಷ್ಟು ಬೇಕಾದ್ರೂ ಸಿಟ್ಟು ಮಾಡ್ಕೊ. ಆ ಕಡೆಯೋರ ತಂಟೆಗೆ ಹೋಗಬೇಡ. ನಾವು ತಿನ್ನೋ ಅನ್ನ ಅವರದು."

ಲುವಾ ಅವನು ಎತ್ತಿದ ಮೂಲೆಯ ಹಾಳೆಯನ್ನು ಬೆರಳಿಂದ ಒತ್ತಿ ಸರಿಮಾಡಿದಳು. ಅವನು ಮಚ್ಚನ್ನು ಗೋಡೆಗೆ ಒರಗಿಸಿ, ಚಹಾ ಕುಡಿಯಲು ದೋಣಿಕಟ್ಟೆಯ ಕಡೆ ಹೋದ. ಗಂಡ ಹೇಳಿದ್ದು ಸರಿ ಎಂದು ಅವಳಿಗೂ ಗೊತ್ತಿತ್ತು. ಸರಿಯಾದದ್ದನ್ನು ಮಾಡುವ ಮನಸ್ಸು ಅವಳಿಗಿರಲಿಲ್ಲ.

ತಿಥಿಯ ದಿನ ಬೆಂಕಿ ತಾನೇ ಜೋಡಿಸಿಕೊಡುತ್ತೇನೆಂದು ಹೇಳಿ ಲುವಾ ಹುವೆಯ ಹಳೆಯ ಮನೆಗೆ, ಅಂದರೆ ಮುದುಕಿ ಒಬ್ಬಳೇ ಇದ್ದು ಸತ್ತ ಮನೆಗೆ ಹೋದಳು. ಮಿಯೆನ್‌ಳನ್ನೂ ಕರೆದುಕೊಂಡು ಹೋದಳು. "ಬಾ, ನೀನು ನೋಡಬೇಕಾದ್ದಿದೆ" ಎಂದಷ್ಟೇ ಹೇಳಿದ್ದಳು. ಅಂಗಳದ ತುಂಬ ನೆಂಟರು. ಅಂಟಕ್ಕಿ ಅನ್ನ, ಬೇಯಿಸಿದ ಇಡೀ ಕೋಳಿ, ಅಗರಬತ್ತಿಯ ಹೊಗೆ. ಹುವೆಯ ಸೋದರತ್ತೆ ಎಲೆ ಅಡಿಕೆ ಜಗಿಯುತ್ತ ಎಲ್ಲರ ಮೇಲೂ ಅಧಿಕಾರ ನಡೆಸುತ್ತಿದ್ದಳು. ಮನೆಯನ್ನು ಎತ್ತಿ ತಂದವರು ಬೆವರು ಒರೆಸಿಕೊಂಡು, "ಒಳ್ಳೇ ಬಿದಿರು ಹಾಕಿದೀರ" ಎಂದರು. "ಹೂಂ, ಒಳ್ಳೇದು" ಎಂದಳು ಲುವಾ.

ಬೆಂಕಿ ಹಚ್ಚಿದರು. ಅಂಗಿ ಒಂದೇ ಉಸಿರಿಗೆ ಹೋಯಿತು. ಮನೆಯ ಮೇಲಿನ ಬಣ್ಣದ ಹಾಳೆ ಸುರುಳಿ ಸುತ್ತಿ, ಕಪ್ಪಾಗಿ ಹಾರಿತು. ನೆಂಟರು ತಲೆಬಾಗಿ ಕೈಮುಗಿದರು. ತಲೆ ಎತ್ತಿ ನೋಡಿದರೆ ಮನೆ ಹಾಗೇ ನಿಂತಿದೆ. ಗಾಜು ಚಟ್ ಎಂದು ಸಿಡಿಯಿತು. ಬೂಟಿನಿಂದ ಸುಟ್ಟ ಚರ್ಮದ ನಾತ ಎದ್ದು ಹೆಂಗಸರು ತೋಳಿನಿಂದ ಮೂಗು ಮುಚ್ಚಿಕೊಂಡರು. ಯಾರೋ ಸೀಮೆಎಣ್ಣೆ ಸುರಿದರು. ಜ್ವಾಲೆ ಒಮ್ಮೆ ಎದ್ದು ಮತ್ತೆ ಬಿತ್ತು. ಮಸಿ ಹಿಡಿದ ಮೂರಂತಸ್ತು ಅಲ್ಲಾಡಲಿಲ್ಲ, ಹೊಗೆಯಲ್ಲಿ ಒಳಗಿನ ತಗಡು ಯಾರಿಗೂ ಕಾಣಲಿಲ್ಲ. ಸತ್ತವಳು ಸಾಮಾನು ಹೆಗಲಿಗೆ ಹಾಕಿಕೊಂಡು ಹೋಗಲೆಂದು ಪಕ್ಕದಲ್ಲಿಟ್ಟಿದ್ದ ಕಬ್ಬಿನ ಜಲ್ಲೆ ಬಿಸಿಗೆ ಬಾಡುತ್ತಿತ್ತು. ಒಂದು ಅಂಗಿಯ ಹೊರತು ಹೊರಲು ಅಲ್ಲಿ ಏನೂ ಇರಲಿಲ್ಲ.

ಲುವಾ ಕಾಯುತ್ತಿದ್ದಳು. ಹುವೆ ಈಗ ತಿರುಗುತ್ತಾಳೆ, ಇದೇನು ಮಾಡಿದಿರಿ ಎಂದು ನೂರು ಜನರ ಮುಂದೆ ಕೇಳುತ್ತಾಳೆ. ಆಗ ಹೇಳಲೆಂದು ತಿಂಗಳುಗಟ್ಟಲೆ ಉರು ಹೊಡೆದ ವಾಕ್ಯ ನಾಲಿಗೆಯ ತುದಿಯಲ್ಲೇ ಇತ್ತು. ಮನೆ ಬ್ರಿಕ್ಕಿನಿಂದ ಆಗುತ್ತದೆ ಟೀಚರಮ್ಮ, ಕಿಟಕಿ ಗ್ಲಾಸಿನಿಂದ, ನೀವೇ ಕಲಿಸಿದ್ದು.

ಹುವೆ ಅವಳ ಕಡೆ ತಿರುಗಲೇ ಇಲ್ಲ. ಸೋದರತ್ತೆ ಅಡಿಕೆ ಉಗುಳಿ ಹೇಳಿದಳು, "ನಿಮ್ಮಮ್ಮ ಒಲ್ಲೆ ಅಂತಿದಾಳೆ. ಬದುಕಿದ್ದಾಗ ಮನೆಗೆ ಕರ್ಕೊಂಡು ಹೋಗಲಿಲ್ಲ ನೀನು. ಈಗ ಕೊಟ್ರೆ ಬರ್ತಾಳಾ?"

ಹುವೆ ಬೆಂಕಿಯ ಮುಂದೆ ಮಂಡಿಯೂರಿ ಕುಸಿದಳು. "ಅಮ್ಮ, ತಗೊಳಮ್ಮ. ಮೆಟ್ಟಿಲು ಹತ್ತೋಕಾಗಲ್ಲ ನಿಂಗೆ ಅಂತ ನೆಪ ಹೇಳ್ದೆ. ಅದಲ್ಲಮ್ಮ. ಹೊಸ ಗೋಡೆ ಮೇಲೆ ಎಲೆ ಅಡಿಕೆ ಉಗುಳ್ತೀಯ, ಬಂದೋರು ನೋಡ್ತಾರೆ ಅಂತ ನಾಚಿಕೆ ಆಗಿತ್ತು ನಂಗೆ. ಕೆಳಗಡೆ ಕೋಣೆ ಇಟ್ಟಿದೀನಿ ನೋಡು. ಎಲ್ಲಿ ಬೇಕಾದ್ರೂ ಉಗುಳು. ತಗೊಳಮ್ಮ." ಎನ್ನುತ್ತ ಅರೆಸುಟ್ಟ ಹಾಳೆಗಳನ್ನು ಬರಿಗೈಯಲ್ಲಿ ಬೆಂಕಿಗೆ ನೂಕತೊಡಗಿದಳು. ಬೆರಳು ಸುಟ್ಟರೂ ಕೈ ಹಿಂದೆ ತೆಗೆಯಲಿಲ್ಲ.

ಲುವಾಳಿಗೆ ಬೇಕಾದದ್ದೆಲ್ಲ ಕಣ್ಣಮುಂದೆ ನಡೆದಿತ್ತು. ಶತ್ರು ನೂರು ಜನರ ಮುಂದೆ ಮಣ್ಣಿಗೆ ಬಿದ್ದಿದ್ದಳು. ಆದರೆ ಬೀಳಿಸಿದವಳ ಹೆಸರು ಬೇರೆ. ಕೈಗೆ ಗಾಜು ಚುಚ್ಚಿಸಿಕೊಂಡು, ತಗಡು ತಟ್ಟಿ, ಇಷ್ಟು ದಿನ ಹಲ್ಲು ಕಚ್ಚಿ ಕಟ್ಟಿದ ಸೇಡು ಯಾವಳೋ ಮುದುಕಿಯ ಲೆಕ್ಕಕ್ಕೆ ಹೋಗುತ್ತಿತ್ತು. ಅವಳಿಗೆ ಮುದುಕಿಯ ಮೇಲೆಯೇ ಸಿಟ್ಟು ಬಂತು. ಅದರ ಹಿಂದೆಯೇ, ಆ ಸುಟ್ಟ ಬೆರಳುಗಳನ್ನು ನೋಡಿ, ಆ ಕೈಯನ್ನು ಹಿಡಿದು ಹಿಂದಕ್ಕೆಳೆಯಬೇಕು ಎಂದೂ ಅನಿಸಿತು. ಎರಡರಲ್ಲಿ ಯಾವುದು ಬಾಯಿ ತೆರೆಸಿತೋ ಅವಳಿಗೇ ತಿಳಿಯದು.

"ಕೈ ತೆಗೀರಿ," ಎಂದಳು. "ನಿಮ್ಮಮ್ಮ ಅಲ್ಲ ಒಲ್ಲೆ ಅಂದಿದ್ದು. ನಾನು. ಒಳಗಿರೋದು ತಗಡು, ತಂತಿ, ಮಣ್ಣು. ಉರೀಬಾರ್ದು ಅಂತಲೇ ಮಾಡಿದ್ದು."

ಗಂಡಸರು ಎದ್ದರು. ಸೋದರತ್ತೆ, "ಥೂ, ಹೆಣದ ಅನ್ನ ತಿನ್ನೋಳೇ" ಎಂದು ಅವಳ ಕಾಲಬುಡಕ್ಕೇ ಉಗುಳಿದಳು. ಹುವೆ ಮಾತ್ರ ಬೆಂಕಿಯಿಂದ ಕೈ ತೆಗೆದು ಲುವಾಳ ಕಡೆ ತಿರುಗಿದಳು.

"ಅಮ್ಮ ಅಲ್ವಾ?"

"ಅಲ್ಲ ಅಂದ್ನಲ್ಲ."

"ಅಮ್ಮಂಗೆ ನನ್ನ ಮೇಲೆ ಸಿಟ್ಟಿಲ್ವಾ?"

"ನಂಗೇನು ಗೊತ್ತು ನಿಮ್ಮಮ್ಮನ ವಿಷಯ. ಈ ಮನೆ ಉರೀದೆ ಇದ್ದಿದ್ದು ತಗಡಿಗೆ."

ಹುವೆ ಎದ್ದು ಬಂದು ಲುವಾಳ ಎರಡೂ ಕೈ ಹಿಡಿದುಕೊಂಡು ಅತ್ತಳು. ಅವಮಾನಕ್ಕಲ್ಲ, ಸಿಟ್ಟಿಗಲ್ಲ, ತಲೆಯ ಮೇಲಿನ ಬಂಡೆ ಇಳಿದವಳ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಲುವಾ ಪೆಚ್ಚಾಗಿ ನಿಂತಳು. ಹಗೆಯವಳಿಗೆ ಅಷ್ಟು ನೆಮ್ಮದಿಯನ್ನು ತಾಯಿಯೇ ಎದ್ದು ಬಂದಿದ್ದರೂ ಕೊಡಲಾಗುತ್ತಿರಲಿಲ್ಲ. ಅದನ್ನು ಕೊಟ್ಟವಳು ತಾನು. ಇದಕ್ಕಿಂತ ದೊಡ್ಡ ಸೋಲು ಅವಳಿಗೆ ಹುಟ್ಟಿದ ಮೇಲೆ ಆಗಿರಲಿಲ್ಲ.

"ಯಾಕಕ್ಕ ಹಿಂಗೆ ಮಾಡಿದ್ರಿ?"

ಲುವಾ ಕೈ ಬಿಡಿಸಿಕೊಂಡು, ತುಳಸಿಯ ಕುಂಡದ ಹಿಂದೆ ಮುದುರಿ ನಿಂತಿದ್ದ ಮಗಳನ್ನು ತೋರಿಸಿದಳು. "ಮನೆ ಪೇಪರಿಂದ ಆಗಿದೆ ಅಂದಿದ್ದಕ್ಕೆ, ನಿನ್ನ ತಲೆಯೂ ಪೇಪರಾ ಅಂತ ಕೇಳಿ ನಗಿಸಿದ್ರಿ. ಅವತ್ತಿಂದ ನನ್ನ ಮಗಳು ಬಾಯಿ ಬಿಟ್ಟಿಲ್ಲ. ನೀವು ಮರೆತ್ರಿ. ಆಮೇಲೆ ಪೇಪರ್ ಮನೆ ಬೇಕು ಅಂತ ನೀವೇ ಬಂದ್ರಿ."

ಹುವೆಗೆ ನೆನಪಾಗಲು ಸ್ವಲ್ಪ ಹೊತ್ತು ಹಿಡಿಯಿತು. ನೆನಪಾದದ್ದು ಮುಖದಲ್ಲೇ ಕಂಡಿತು. ಆಮೇಲೆ ಅವಳು ಮೆಲ್ಲಗೆ, "ಇನ್ನೊಂದು ಮಾಡಿಕೊಡಿ ಅಕ್ಕ. ಪೇಪರಿಂದ" ಎಂದಳು.

"ಇವಳ ಕೈಲಿ ಮತ್ತೆ ಮಾಡಿಸ್ತೀಯಾ?" ಎಂದಳು ಸೋದರತ್ತೆ.

"ಇವರ ಕೈಲೇ."

"ಮಾಡ್ತೀನಿ," ಎಂದಳು ಲುವಾ. "ಮೊದಲು ಈ ಮಾತನ್ನ ಅದೇ ತರಗತೀಲಿ, ಅದೇ ಮಕ್ಕಳ ಮುಂದೆ ಹೇಳಿ. ಇಂಗ್ಲಿಷಲ್ಲೇ."

ಮಾರನೆಯ ದಿನ ಲುವಾ ಬೆಳಗಿನಿಂದ ಒಂದು ಹಾಳೆಯನ್ನೂ ಕತ್ತರಿಸಲಿಲ್ಲ. ಮಕ್ಕಳು ಹೇಗೆ ನಗಬಹುದು, ಹಿಂದಿನ ಬೆಂಚಿನವರು ಟೀಚರಿಗೆ ಯಾವ ಅಡ್ಡಹೆಸರು ಇಡಬಹುದು ಎಂದು ಎಣಿಸುತ್ತ ಬಾಗಿಲಲ್ಲೇ ಕೂತಿದ್ದಳು. ಮಿಯೆನ್ ಬಂದು ಚೀಲ ಇಳಿಸಿದಳು.

"ಹೇಳಿದ್ಲಾ?"

"ಹೂಂ. ನಮ್ಮಮ್ಮನ ಮನೆ ಪೇಪರಿಂದ ಆಗಿದೆ, ಮಿಯೆನ್ ಅವತ್ತು ಹೇಳಿದ್ದು ಸರಿ, ನಾನು ನಕ್ಕಿದ್ದು ತಪ್ಪು ಅಂದ್ರು. ಆಮೇಲೆ ಅತ್ರು."

"ಚೆನ್ನಾಗಿ ಅತ್ಲಾ?"

"ಹೂಂ."

"ಹುಡುಗರು ನಕ್ರಾ?"

"ಒಬ್ಬ ಶುರು ಮಾಡ್ದ. ನಾನು ಎದ್ದು ನಿಂತು, ಸುಮ್ನಿರೋ, ಅದು ಅವರಮ್ಮನ ಮನೆ ಅಂದೆ."

"ನೀನಾ? ಗಟ್ಟಿಯಾಗಿ?"

"ಎಲ್ಲರಿಗೂ ಕೇಳೋ ಹಂಗೆ."

ಆ ಒಬ್ಬ ಹುಡುಗನ ನಗುವಿಗಾಗಿಯೇ ಲುವಾ ಬೆಳಗಿನಿಂದ ಕಾದಿದ್ದಳು. ಅದನ್ನು ನಿಲ್ಲಿಸಿದವಳು ತನ್ನ ಮಗಳೇ. ಬೈಯಬೇಕೆಂದುಕೊಂಡಳು, ಬದಲಿಗೆ ಹಾಳೆಗಳ ಕಟ್ಟನ್ನು ಬಿಚ್ಚಿದಳು. ಮಿಯೆನ್ ಕೈ ತೊಳೆದುಕೊಂಡು ಬಂದು, ಅಂಟಿನ ಬಟ್ಟಲನ್ನು ತನ್ನ ಕಡೆ ಎಳೆದುಕೊಂಡು, "ಕಿಟಕಿ ನಾನು ಅಂಟಿಸ್ತೀನಿ" ಎಂದಳು. ಲುವಾ ಬಿಳಿ ಹಾಳೆಯನ್ನು ಅವಳ ಮುಂದೆ ಸರಿಸಿದಳು.